ಖರ್ಚು ಮತ್ತು ಖುಷಿ

ಹಣ ಸಂಪಾದಿಸುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಉಳಿತಾಯ ಮಾಡಿ ಎನ್ನುವವರಂತೂ ಮನೆಯಲ್ಲೇ ಇರುತ್ತಾರೆ. ಆದರೆ ಯಾವ ಖರ್ಚಿನಿಂದ ಮನಸ್ಸಿಗೆ ಹೆಚ್ಚು ಖುಷಿ ಸಿಗುತ್ತದೆ ಎಂಬುದನ್ನು ಯಾರೂ ಪಾಠ ಮಾಡುವುದಿಲ್ಲ. ಅದು ಅವರವರಿಗೆ ಬಿಟ್ಟದ್ದು, ಅಳೆಯುವಂಥದ್ದಲ್ಲ ಎಂದೇ ನಾವು ತಿಳಿದಿದ್ದೇವೆ. ಮನೋವಿಜ್ಞಾನಿಗಳು ಅದನ್ನೂ ಅಳೆದು ನೋಡಿದ್ದಾರೆ. ಇಂದು ನಾನು ಹೇಳಹೊರಟಿರುವುದು ಆ ಪ್ರಯೋಗಗಳ ವಿಷಯ.

ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯವಿದೆ. ಅಲ್ಲಿನ ಎಲಿಜಬೆತ್ ಡನ್ ಮತ್ತು ಲಾರಾ ಆಕ್ನಿನ್, ಅಮೆರಿಕದ ಹಾರ್ವರ್ಡ್‌ನ ಮೈಕೆಲ್ ನಾರ್ಟನ್ ಜೊತೆ ಸೇರಿ ಒಂದು ಸರಳ ಪ್ರಯೋಗ ನಡೆಸಿದರು. ಬೆಳಗಿನ ಹೊತ್ತು 46 ಜನರನ್ನು, 'ಈಗ ನೀವು ಎಷ್ಟು ಸಂತೋಷವಾಗಿದ್ದೀರಿ?' ಎಂದು ಕೇಳಿ ಬರೆದುಕೊಂಡರು. ಬಳಿಕ ಪ್ರತಿಯೊಬ್ಬರ ಕೈಗೂ ಒಂದು ಲಕೋಟೆ ಕೊಟ್ಟರು. ಕೆಲವದರಲ್ಲಿ 5 ಡಾಲರ್, ಕೆಲವದರಲ್ಲಿ 20 ಡಾಲರ್. ಸಂಜೆ 5 ಗಂಟೆಯೊಳಗೆ ಅದನ್ನು ಖರ್ಚು ಮಾಡಬೇಕು. ಅರ್ಧದಷ್ಟು ಜನ ತಮಗಾಗಿ ಏನಾದರೂ ಕೊಳ್ಳಬೇಕು. ಉಳಿದವರು ಬೇರೆಯವರಿಗೆ ಉಡುಗೊರೆ ತರಬೇಕು ಅಥವಾ ದಾನ ಕೊಡಬೇಕು. ಯಾರಿಗೆ ಯಾವುದು ಎಂಬುದನ್ನು ನಿರ್ಧರಿಸಿದವರು ಸಂಶೋಧಕರು. ಇಲ್ಲವಾದರೆ ಮೊದಲೇ ಸಂತೋಷವಾಗಿದ್ದವರೇ ಪರರಿಗೆ ಕೊಟ್ಟರು ಎಂಬ ಅನುಮಾನ ಉಳಿದುಬಿಡುತ್ತಿತ್ತು.

ಸಂಜೆ ಫೋನ್ ಮಾಡಿ ವಿಚಾರಿಸಿದಾಗ, ಬೇರೆಯವರಿಗಾಗಿ ಖರ್ಚು ಮಾಡಿದವರು ತಮಗಾಗಿ ಖರ್ಚು ಮಾಡಿದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಲಕೋಟೆಯಲ್ಲಿದ್ದದ್ದು ಐದೋ ಇಪ್ಪತ್ತೋ ಎಂಬುದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಈ ಫಲಿತಾಂಶ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ನನಗೆ ಇದಕ್ಕಿಂತ ಸ್ವಾರಸ್ಯವೆನಿಸುವುದು ಅದರ ಜೊತೆಗಿದ್ದ ಇನ್ನೊಂದು ಪ್ರಶ್ನೆ. ಅದೇ ವಿಶ್ವವಿದ್ಯಾನಿಲಯದ ಬೇರೆ 109 ವಿದ್ಯಾರ್ಥಿಗಳಿಗೆ ಪ್ರಯೋಗವನ್ನು ವಿವರಿಸಿ, ಯಾರು ಹೆಚ್ಚು ಸಂತೋಷಪಟ್ಟಿರಬಹುದೆಂದು ಊಹಿಸಲು ಹೇಳಿದರು. ತಮಗಾಗಿ ಖರ್ಚು ಮಾಡಿದವರು ಎಂದರು ಹೆಚ್ಚಿನವರು. 5 ಡಾಲರಿಗಿಂತ 20 ಡಾಲರ್ ಮೇಲು ಎಂದರು ಇನ್ನೂ ಹೆಚ್ಚಿನವರು. ಎರಡೂ ತಪ್ಪು! ಗಣಿತದಲ್ಲಿ ಲೆಕ್ಕ ತಪ್ಪಿದರೆ ಮೇಷ್ಟ್ರು ಕೆಂಪು ಗೀಟು ಹಾಕುತ್ತಾರೆ. ಖುಷಿಯ ಲೆಕ್ಕ ತಪ್ಪಿದರೆ ಗೀಟು ಹಾಕುವವರಿಲ್ಲ. ನಾವು ಅದೇ ಅಂಗಡಿಗೆ ಮತ್ತೆ ಹೋಗುತ್ತೇವೆ.

'ಅವರು ಶ್ರೀಮಂತ ದೇಶದವರು, ಅವರಿಗೇನು?' ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದನ್ನು ಸಂಶೋಧಕರೂ ಕೇಳಿಕೊಂಡರು. 2013ರಲ್ಲಿ ಆಕ್ನಿನ್ ಮತ್ತು ಸಂಗಡಿಗರು 136 ದೇಶಗಳ ಸಮೀಕ್ಷೆಯನ್ನು ಪರಿಶೀಲಿಸಿದಾಗ, ದಾನ ಕೊಟ್ಟವರು ಬದುಕಿನಲ್ಲಿ ಹೆಚ್ಚು ತೃಪ್ತರು ಎಂಬ ಸಂಬಂಧ 120 ದೇಶಗಳಲ್ಲಿ ಕಂಡಿತು. ಅದೇ ಅಧ್ಯಯನದ ಇತರ ಭಾಗಗಳಲ್ಲಿ ನಮ್ಮ ಭಾರತದವರೂ ಉಗಾಂಡಾದವರೂ ಇದ್ದರು. ದಕ್ಷಿಣ ಆಫ್ರಿಕಾದಲ್ಲಿ ಭಾಗವಹಿಸಿದವರಲ್ಲಿ ಹಿಂದಿನ ವರ್ಷ ಊಟಕ್ಕೇ ಹಣ ಸಾಲದಿದ್ದವರೂ ಇದ್ದರು. ತಿನಿಸಿನ ಪುಟ್ಟ ಪೊಟ್ಟಣವನ್ನು ಆಸ್ಪತ್ರೆಯಲ್ಲಿರುವ ಮಗುವಿಗೆಂದು ಕೊಂಡವರು, ಅದನ್ನೇ ತಮಗೆ ಕೊಂಡವರಿಗಿಂತ ಹೆಚ್ಚು ನಲಿವು ಪಡೆದರು.

ಹಾಗೆಂದು ಬಸ್ ಪಾಸಿನ ಹಣವನ್ನೋ ಪರೀಕ್ಷಾ ಶುಲ್ಕವನ್ನೋ ಯಾರಿಗಾದರೂ ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅಂಥ ಹಣ ಖುಷಿಯ ಲೆಕ್ಕಕ್ಕೆ ಸೇರಿದ್ದೇ ಅಲ್ಲ. ಇನ್ನು, ಈ ಪರಿಣಾಮ ಬೆಟ್ಟದಷ್ಟು ದೊಡ್ಡದೂ ಅಲ್ಲ. 2020ರಲ್ಲಿ ಅದೇ ಸಂಶೋಧಕರು ಇನ್ನಷ್ಟು ಕಟ್ಟುನಿಟ್ಟಾಗಿ ಮತ್ತೆ ಪರೀಕ್ಷಿಸಿದರು. ಸ್ಥಳದಲ್ಲೇ ಖರ್ಚು ಮಾಡಿದ 712 ವಿದ್ಯಾರ್ಥಿಗಳಲ್ಲಿ ಫಲ ಸ್ಪಷ್ಟವಾಗಿತ್ತು. ಹಿಂದೆಂದೋ ಮಾಡಿದ ಖರ್ಚನ್ನು ಬರೀ ನೆನಪಿಸಿಕೊಂಡವರಲ್ಲಿ ಅದು ತೀರ ಕಡಿಮೆಯಾಗಿತ್ತು. ತಮ್ಮದೇ ಮಾತನ್ನು ತಾವೇ ಹೀಗೆ ಒರೆಗೆ ಹಚ್ಚುವವರನ್ನು ಕಂಡರೆ ನನಗೆ ಗೌರವ.

ಹಾಗಾದರೆ ಕೊಟ್ಟದ್ದೆಲ್ಲ ಖುಷಿ ತರುತ್ತದೆಯೇ? ಇಲ್ಲ. ನೀವು ತರಗತಿಯಲ್ಲಿ ಬೀಳ್ಕೊಡುಗೆ ಸಮಾರಂಭಕ್ಕೆ ಹಣ ಎತ್ತುವುದನ್ನು ನೋಡಿದ್ದೀರಿ. 'ತಲಾ ನೂರು ರೂಪಾಯಿ, ಕೊಡದವರ ಹೆಸರು ಬೋರ್ಡಿನ ಮೇಲೆ!' ಹೀಗೆ ಕೊಟ್ಟು ಸಂತೋಷಪಟ್ಟವರು ಯಾರಾದರೂ ಇದ್ದಾರೆಯೇ? ವೈನ್‌ಸ್ಟೈನ್ ಮತ್ತು ರಯಾನ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಷ್ಟು ಕೊಡಬೇಕೆಂದು ತಾವೇ ನಿರ್ಧರಿಸಿದವರು ಹೆಚ್ಚು ಕೊಟ್ಟಷ್ಟೂ ಹೆಚ್ಚು ಸಂತೋಷಪಟ್ಟರು. ಇಷ್ಟೇ ಕೊಡಬೇಕೆಂದು ಹೇಳಿಸಿಕೊಂಡವರಿಗೆ ಆ ಲಾಭವಿರಲಿಲ್ಲ. ಹಣ ಎತ್ತುವ ತರಗತಿ ಪ್ರತಿನಿಧಿಗಳು ಗಮನಿಸಲಿ: ಒಂದು ಮುಚ್ಚಿದ ಡಬ್ಬಿ ಇಟ್ಟರೆ ಸಾಕು.

ಇನ್ನೊಂದು ಸಂಗತಿ ನಮಗೆ ಬಹಳ ಪರಿಚಿತ. ಡನ್ ಮತ್ತು ನಾರ್ಟನ್ 2013ರ ತಮ್ಮ ಪುಸ್ತಕದಲ್ಲಿ ಕಾಫಿ ಅಂಗಡಿಯ ಕಾರ್ಡು ಹಂಚಿದ ಪ್ರಯೋಗವೊಂದನ್ನು ಹೇಳುತ್ತಾರೆ. ಕೆಲವರು ಕಾರ್ಡನ್ನು ಬೇರೆಯವರಿಗೆ ಕೊಟ್ಟುಬಿಡಬೇಕು. ಕೆಲವರು ಅಂಗಡಿಗೆ ಒಬ್ಬರೇ ಹೋಗಿ ಕುಡಿಯಬೇಕು. ಕೆಲವರು ಗೆಳೆಯರ ಜೊತೆ ಹೋದರೂ ತಮಗೆ ಮಾತ್ರ ಕೊಳ್ಳಬೇಕು. ಇನ್ನು ಕೆಲವರು ಇನ್ನೊಬ್ಬರನ್ನು ಕರೆದೊಯ್ದು ಕೊಡಿಸಿ, ಜೊತೆಗೇ ಕೂತಿರಬೇಕು. ಹೆಚ್ಚು ಸಂತೋಷ ಕಂಡದ್ದು ಈ ಕೊನೆಯವರಲ್ಲಿ. ಬೈಟು ಕಾಫಿ ಹೇಳಿ ಒಂದನ್ನು ಎರಡು ಲೋಟ ಮಾಡಿಸಿಕೊಳ್ಳುವ ನಮ್ಮ ಬೆಂಗಳೂರಿನ ಹೋಟೆಲುಗಳಿಗೆ ಇದೇನೂ ಹೊಸದಲ್ಲ. ಮೊಬೈಲಿನಲ್ಲಿ ಹಣ ಕಳುಹಿಸಿ ಸುಮ್ಮನಾಗುವುದಕ್ಕೂ ಎದುರಿಗೆ ಕೂತು 'ಇನ್ನೊಂದು ಇಡ್ಲಿ ಹೇಳೋಣವೇ?' ಎಂದು ಕೇಳುವುದಕ್ಕೂ ಇರುವ ವ್ಯತ್ಯಾಸ ಇದೇ. ಎದುರಿಗಿದ್ದಾಗ ಕೊಟ್ಟದ್ದು ಎಲ್ಲಿಗೆ ತಲುಪಿತೆಂದು ಕಣ್ಣಿಗೆ ಕಾಣುತ್ತದೆ.

ಇದನ್ನು ನಂಬಲೇಬೇಕಾಗಿಲ್ಲ, ನೀವೇ ಮಾಡಿ ನೋಡಬಹುದು. ಹತ್ತಿಪ್ಪತ್ತು ಗೆಳೆಯರು ಸೇರಿ, ತಲಾ ಇಪ್ಪತ್ತು ರೂಪಾಯಿಯ ಲಕೋಟೆ ಮಾಡಿ. 'ನಿನಗಾಗಿ', 'ಬೇರೆಯವರಿಗಾಗಿ' ಎಂದು ಬರೆದ ಚೀಟಿ ಎತ್ತಿಸಿ. ಬೆಳಿಗ್ಗೆಯೂ ಸಂಜೆಯೂ ಒಂದರಿಂದ ಹತ್ತರೊಳಗೆ ಸಂತೋಷಕ್ಕೆ ಅಂಕ ಹಾಕಿಸಿ. ಇಷ್ಟು ಸಣ್ಣ ಗುಂಪಿನಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಆದರೆ ಯಾರಿಗೆ ಹೆಚ್ಚು ಅಂಕ ಬರುತ್ತದೆಂಬ ನಿಮ್ಮ ಊಹೆಯನ್ನು ಮೊದಲೇ ಬರೆದು ಅಂಟಿಸಿಡಿ. ಸಂಜೆಯವರೆಗೆ ಬಿಚ್ಚಬೇಡಿ.