ಬಾಗಿಲು ತಟ್ಟುವವರು ಯಾರು?

(ಹಲಸೂರಿನಲ್ಲಿ ಸಂಘದ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)

ಗೆಳತಿಯರೇ,

ನಮ್ಮ ಹೆಣ್ಣುಮಕ್ಕಳು ರಕ್ತ ಹೀರುವ ಪಿಶಾಚಿಗಳ ಪ್ರೇಮಕಥೆ ಓದುತ್ತಾರೆ. ಅಮೆರಿಕದ ಸ್ಟೆಫನಿ ಮೆಯರ್ 2005ರಿಂದ 2008ರವರೆಗೆ 'ಟ್ವೈಲೈಟ್' ಸರಣಿಯ ನಾಲ್ಕು ಕಾದಂಬರಿ ತಂದರು. ಅವು ಐದು ಸಿನಿಮಾಗಳಾದವು. ನಾಯಕ ಎಡ್ವರ್ಡ್ ಹುಡುಗಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆ ಹೊಕ್ಕು, ಮಲಗಿದವಳನ್ನು ನೋಡುತ್ತಾನೆ. ಗೆಳೆಯನನ್ನು ಕಾಣಲು ಹೋಗದಂತೆ ಅವಳ ಗಾಡಿಯ ಎಂಜಿನ್ನಿನ ಭಾಗ ಕಿತ್ತಿಡುತ್ತಾನೆ. ಕಥೆ ಇದನ್ನು ಪ್ರೀತಿ ಎನ್ನುತ್ತದೆ. ಗಂಡ ನಮ್ಮ ಮೊಬೈಲ್ ಕಿತ್ತುಕೊಂಡರೆ, ತವರಿಗೆ ಕಳಿಸದಿದ್ದರೆ ನಾವು ಏನೆನ್ನುತ್ತೇವೆ? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ. ಲೈಂಗಿಕ, ಮಾತಿನ, ಮನಸ್ಸಿನ, ಹಣಕಾಸಿನ ಕಿರುಕುಳವನ್ನೂ ಹಿಂಸೆ ಎನ್ನುತ್ತದೆ. ಪುಸ್ತಕ ಕಸಿಯಬೇಡಿ. ಮಗಳ ಜೊತೆ ಕೂತು ಈ ಪ್ರಶ್ನೆ ಕೇಳಿ.

ನಮ್ಮೂರಿಗೂ ಒಂದು ದೆವ್ವದ ಕಥೆಯಿದೆ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿತ್ತು. ದೆವ್ವ ರಾತ್ರಿ ಮನೆಯವರ ದನಿಯಲ್ಲೇ ಕರೆಯುತ್ತದೆ, ಆ ಬರಹ ಓದಿ ಹಿಂತಿರುಗುತ್ತದೆ ಎಂಬ ನಂಬಿಕೆ. ದೆವ್ವವನ್ನು ಕಂಡವರಿಲ್ಲ. ಆದರೆ ವರದಕ್ಷಿಣೆ ಕಾಟ ತಾಳದೆ ಮಗಳು ಬಂದು ಬಾಗಿಲು ತಟ್ಟಿದಾಗ ಅವಳಿಗೂ ಅದನ್ನೇ ಹೇಳಿದೆವಲ್ಲ? "ಹೊಂದಿಕೊಂಡು ಹೋಗಮ್ಮ, ನಾಳೆ ನೋಡೋಣ." ಎಷ್ಟೋ ಹೆಣ್ಣುಮಕ್ಕಳಿಗೆ ಆ ನಾಳೆ ಬರಲೇ ಇಲ್ಲ.

ಅಕ್ಕಂದಿರೇ, ಕದ ತೆರೆಯಿರಿ. 181 ಸಹಾಯವಾಣಿಗೆ ಕರೆ ಮಾಡಿ. ಸಾಲದ ಕಂತಿಗೆ ಒಟ್ಟಾಗಿ ನಿಲ್ಲುವ ನಾವು ಅವಳ ಜೀವಕ್ಕೂ ನಿಲ್ಲೋಣ. ಅವಳಿಗೆ ನಮ್ಮ ಮಾತು ಒಂದೇ: ಇವತ್ತೇ ಬಾ.