ಮುಗಿಲಿನ ಸಪ್ಪಳ



ಇವತ್ತು ನಾವು ಮುಗಿಲಿನ ಸಪ್ಪಳದ ಬಗ್ಗೆ ಮಾತಾಡೋಣ.

ನಮ್ಮ ಕುಬಿಹಾಳ, ಕುಂದಗೋಳದ ಸೀಮೆ ಎರೆಹೊಲದ ಸೀಮೆ. ಬಯಲಿನಲ್ಲಿ ಸಪ್ಪಳ ಬಹಳ ದೂರ ಕೇಳುತ್ತದೆ. ಮೋಡ ಇಲ್ಲ, ಮಳೆ ಇಲ್ಲ, ಮುಗಿಲಲ್ಲಿ ಒಮ್ಮೆಲೇ 'ಢಂ' ಅಂದರೆ ಏನಾಗುತ್ತದೆ? ಕಸ ತೆಗೆಯುವ ಕೈ ನಿಲ್ಲುತ್ತದೆ. ಮಾತು ಶುರುವಾಗುತ್ತದೆ.

"ಭೂಕಂಪ ಆತೇನವಾ?"

"ಇಲ್ಲ, ದೇವರು ಸಿಟ್ಟಾಗ್ಯಾನ."

"ಊರಿಗೆ ಏನೋ ಕೇಡು ಐತಿ."

ಒಬ್ಬರು ಅಂದದ್ದು ಸಂಜೆಯೊಳಗೆ ಹತ್ತು ಮನೆ ಮುಟ್ಟುತ್ತದೆ.

ಹೆದರಿಕೆ ಬರುವುದು ತಪ್ಪಲ್ಲ. ಆದರೆ ಆ ಹೆದರಿಕೆಯಿಂದ ನಷ್ಟ ಯಾರಿಗೆ? ಬಹಳ ಸಲ ನಮಗೇ. ತಾಯತಕ್ಕೆ ಹೋಗುವುದು ನಮ್ಮ ಕೂಲಿ ದುಡ್ಡು. "ಇವಳ ಕಾಲ್ಗುಣದಿಂದ ಹಿಂಗಾತು" ಅಂತ ಬೆರಳು ತೋರಿಸುವುದು ಗಂಡ ಸತ್ತವಳ ಕಡೆಗೆ, ಒಬ್ಬಂಟಿ ಮುದುಕಿಯ ಕಡೆಗೆ. ಅದಕ್ಕೇ ಸಪ್ಪಳ ಎಲ್ಲಿಂದ ಬಂತು, ಯಾಕೆ ಬಂತು ಎಂದು ಕೇಳುವುದನ್ನು ನಾವು ಕಲಿಯಬೇಕು.

ಬೆಂಗಳೂರಿನಲ್ಲಿ ಏನಾಯಿತು ಕೇಳಿರಿ. 2020ರ ಮೇ 20ರಂದು ಮಧ್ಯಾಹ್ನ ಅಲ್ಲಿ ಭಾರೀ ಸಪ್ಪಳ ಆಯಿತು. ಕಿಟಕಿ ಬಾಗಿಲು ಅದುರಿದವು. ಮಂದಿ ಮನೆಯಿಂದ ಹೊರಗೆ ಬಂದರು. ದೊಡ್ಡ ಊರು, ಓದಿದ ಮಂದಿ. ಅವರೂ ನಮ್ಮ ಹಾಗೆಯೇ ಹೆದರಿದರು. ಭೂಕಂಪ ಅಂದವರು ಕೆಲವರು. ಬೇರೆ ಲೋಕದವರು ಬಂದರು ಅಂದವರೂ ಇದ್ದರು!

ನೆಲ ಅದುರಿದರೆ ಗುರುತು ಹಾಕುವ ಯಂತ್ರಗಳಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಆ ಯಂತ್ರಗಳನ್ನು ನೋಡಿದರು. ಭೂಕಂಪದ ಗುರುತು ಇರಲಿಲ್ಲ. ಆಮೇಲೆ ರಕ್ಷಣಾ ಇಲಾಖೆಯವರು ನಿಜ ಹೇಳಿದರು. ಅದು ವಾಯುಪಡೆಯ ವಿಮಾನದ ಸಪ್ಪಳ. ಪರೀಕ್ಷೆಗಾಗಿ ಹಾರಿದ ವಿಮಾನ ಅದು. ಊರಿನ ಹೊರಗೆ, ಬಹಳ ಎತ್ತರದಲ್ಲಿ ಹಾರುತ್ತಿತ್ತು. ಇಂಥ ಸಪ್ಪಳ 65 ರಿಂದ 80 ಕಿಲೋಮೀಟರ್ ದೂರದವರೆಗೂ ಕೇಳಬಹುದು ಎಂದು ಅವರು ಹೇಳಿದರು. ಅಂದರೆ ಹುಬ್ಬಳ್ಳಿಯಿಂದ ಹಾವೇರಿಗೆ ಇರುವಷ್ಟು ದೂರ! ವಿಮಾನ ಕಣ್ಣಿಗೆ ಕಾಣುವುದಿಲ್ಲ. ಸಪ್ಪಳ ಮಾತ್ರ ಕೇಳುತ್ತದೆ.

ವಿಮಾನ ಯಾಕೆ ಹೀಗೆ ಸಪ್ಪಳ ಮಾಡುತ್ತದೆ? ಬಾರಕೋಲು ನೆನಪು ಮಾಡಿಕೊಳ್ಳಿರಿ. ಜೋರಾಗಿ ಬೀಸಿದರೆ ಅದು ಗಾಳಿಯಲ್ಲೇ 'ಚಟಾರ್' ಅನ್ನುತ್ತದೆ. ಎತ್ತಿನ ಮೈಗೆ ತಾಗಬೇಕಂತಿಲ್ಲ. ಬಾರಿನ ತುದಿ ಸಪ್ಪಳಕ್ಕಿಂತ ಜೋರಾಗಿ ಓಡುತ್ತದೆ. ಗಾಳಿ ಒತ್ತಿ ಹೋಗಿ 'ಚಟಾರ್' ಅನ್ನುತ್ತದೆ. ಸಪ್ಪಳ ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವಿಮಾನ ಅದಕ್ಕಿಂತ ಜೋರಾಗಿ ಹಾರಿದರೆ 'ಢಂ' ಅನ್ನುತ್ತದೆ. ಬಾರಕೋಲಿನ ಸಪ್ಪಳ ಸಣ್ಣದು, ವಿಮಾನದ ಸಪ್ಪಳ ದೊಡ್ಡದು. ಕಾರಣ ಒಂದೇ.

ಹಾಗಂತ ಎಲ್ಲ ಸಪ್ಪಳವೂ ವಿಮಾನದ್ದಲ್ಲ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನಲ್ಲಿ ಗಡಿಕೇಶ್ವರ ಎಂಬ ಊರಿದೆ. 2021ರ ಅಕ್ಟೋಬರಿನಲ್ಲಿ ಅಲ್ಲಿ ಸಪ್ಪಳ ಕೇಳಿತು, ನೆಲವೂ ಅದುರಿತು. ಅಲ್ಲಿ ಯಂತ್ರಗಳು ಭೂಕಂಪ ಎಂದೇ ತೋರಿಸಿದವು. ಅಲ್ಲಿ ಮಂದಿ ಮನೆಯಿಂದ ಹೊರಗೆ ಬಂದದ್ದೇ ಸರಿ. ನೋಡಿರಿ, ಎರಡೂ ಊರಿನಲ್ಲಿ ಕೇಳಿದ ಪ್ರಶ್ನೆ ಒಂದೇ. ಉತ್ತರ ಮಾತ್ರ ಬೇರೆ. ಕೇಳದೆ ಇದ್ದರೆ ಗೊತ್ತಾಗುತ್ತಿತ್ತೇನು?

ಈಗ ನಮ್ಮ ಜೀವಕ್ಕೆ ಸಂಬಂಧಪಟ್ಟ ಮಾತು. ಯಾವುದೋ ಗುಟ್ಟಿನ ಸಪ್ಪಳಕ್ಕೆ ನಾವು ಹೆದರುತ್ತೇವೆ. ದಿನಾ ಕೇಳುವ ಗುಡುಗಿಗೆ ಹೆದರುವುದಿಲ್ಲ. "ಇನ್ನೊಂದು ಸಾಲು ಮುಗಿಸಿ ಹೋಗೂಣಂತ" ಅಂತ ಹೊಲದಲ್ಲೇ ಇರುತ್ತೇವೆ. ಹೊಲದಲ್ಲಿ ಜೀವ ತೆಗೆಯುವುದು ಸಿಡಿಲು. ಗುಡುಗು ಅದರ ಎಚ್ಚರಿಕೆ.

ಮಿಂಚು ಕಂಡ ಕೂಡಲೇ ಎಣಿಸಿರಿ. ಒಂದು, ಎರಡು, ಮೂರು... ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ. 30 ಎಣಿಸುವುದರೊಳಗೆ ಕೇಳಿದರೆ ಕೆಲಸ ಬಿಟ್ಟು ಗಟ್ಟಿ ಮನೆಯೊಳಗೆ ಹೋಗಿರಿ. ಬೇವಿನ ಗಿಡದ ಕೆಳಗೆ ನಿಲ್ಲಬೇಡಿರಿ. ಹೊಲದ ಜೋಪಡಿಯೂ ಕಾಯುವುದಿಲ್ಲ. ಹತ್ತಿರ ಮನೆ ಇಲ್ಲದಿದ್ದರೆ ಒಬ್ಬರಿಂದ ಒಬ್ಬರು ದೂರ ಸರಿಯಿರಿ. ಎರಡೂ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂಡಿರಿ. ನೆಲಕ್ಕೆ ಮಲಗಬೇಡಿರಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ತಾಸು ಕಾಯಿರಿ.

ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿರಿ. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಬೇಗ 108ಕ್ಕೆ ಫೋನ್ ಮಾಡಿರಿ.

ಇನ್ನು ಮುಂದೆ ಮುಗಿಲಲ್ಲಿ ಸಪ್ಪಳ ಆದರೆ ನಾವು ನಾಲ್ಕು ಮಾತು ಕೇಳೋಣ. ಮೋಡ, ಮಿಂಚು ಇತ್ತೇ? ನೆಲ ಅದುರಿತೇ? ಬೇರೆ ಊರಿನವರಿಗೂ ಕೇಳಿತೇ? ಈ ಸುದ್ದಿ ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು?

ನೆಲ ಅದುರಿದ್ದರೆ ಮೊದಲು ಬಯಲಿಗೆ ಬರೋಣ, ಆಮೇಲೆ ಮಾತು. ಮರುದಿನ ಪತ್ರಿಕೆ ತೆರೆಯೋಣ. ಈಗ ನಮಗೆ ಅಕ್ಷರ ಬರುತ್ತದೆ. ಕೂಡಿಸಿ ಕೂಡಿಸಿ ಓದಿದರೂ ಆದೀತು. ಕಾರಣ ಅದರಲ್ಲಿ ಇಲ್ಲದಿದ್ದರೆ "ಇನ್ನೂ ಗೊತ್ತಾಗಿಲ್ಲ" ಅನ್ನೋಣ. ಹಾಗೆ ಅನ್ನುವುದು ನಾಚಿಕೆಯ ಮಾತಲ್ಲ. ಗೊತ್ತಿಲ್ಲದ್ದಕ್ಕೆ ಒಬ್ಬ ಹೆಣ್ಣುಮಗಳ ಹೆಸರು ಹಚ್ಚುವುದು ನಾಚಿಕೆಯ ಮಾತು.

ನೆರೆಮನೆಯ ಅಕ್ಕ ಹೆದರಿ ಕೂತಿದ್ದರೆ ಅವಳ ಹತ್ತಿರ ಹೋಗೋಣ. ಪತ್ರಿಕೆಯನ್ನು ಅವಳಿಗೂ ಓದಿ ಹೇಳೋಣ.