ಬೀಗದ ಒಳಗೂ ನಮ್ಮ ಮಾತು

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)

ನಾನು ಡಾಕ್ಟರಲ್ಲ, ವಕೀಲಳೂ ಅಲ್ಲ. ಎಂಟೆಕ್ ಓದಿ ಐಟಿಯಲ್ಲಿ ಕೆಲಸ ಮಾಡುವವಳು. ಆದರೂ ಮಾನಸಿಕ ಆಸ್ಪತ್ರೆಯ ಬೀಗ ಹಾಕಿದ ವಾರ್ಡಿನ ಬಗ್ಗೆ ಇವತ್ತು ನಾಲ್ಕು ಮಾತು ಹೇಳುತ್ತೇನೆ.

ತಮಗೋ ಬೇರೆಯವರಿಗೋ ಅಪಾಯ ಮಾಡಬಹುದಾದ ರೋಗಿಗಳನ್ನು ಇಂಥ ವಾರ್ಡಿನಲ್ಲಿ ಇಡುತ್ತಾರೆ. ಒಳಗೆ ಹೋಗುವಾಗ ಪಿನ್ನು, ಬಳೆ, ಸರ, ಮೊಬೈಲು ಎಲ್ಲ ತೆಗೆದಿಡುತ್ತಾರೆ. ಅದು ಸುರಕ್ಷತೆಗಾಗಿ, ನಿಜ. ಆದರೆ ಕಾರಣ ಹೇಳದಿದ್ದರೆ ಒಳಗಿರುವವರಿಗೆ ಏನನ್ನಿಸುತ್ತದೆ?

ನಮ್ಮ ದೊಡ್ಡಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಇದೇ ಊರಿನ ಒಂದು ಆಸ್ಪತ್ರೆಗೆ ಸೇರಿಸಿದಾಗ ಮೊದಲ ನಾಲ್ಕು ದಿನ ನಮ್ಮನ್ನು ಒಳಗೆ ಬಿಡಲಿಲ್ಲ. “ಪೇಷಂಟ್ ಮಾತೇ ಆಡುವುದಿಲ್ಲ, ಸಹಕರಿಸುವುದಿಲ್ಲ” ಎಂದರು ಸಿಸ್ಟರ್. ಐದನೇ ದಿನ ಅಮ್ಮ ಹೋಗಿ “ಊಟ ಆಯ್ತೇನಕ್ಕಾ?” ಎಂದಾಗ ದೊಡ್ಡಮ್ಮ ಕೇಳಿದ್ದು ಒಂದೇ: “ನನ್ನ ತಾಳಿ ಯಾಕೇ ಬಿಚ್ಚಿಸಿದ್ರು? ಅವರು ಹೋಗಿಬಿಟ್ರಾ?” ನಾಲ್ಕು ದಿನವೂ ದೊಡ್ಡಪ್ಪ ತೀರಿಹೋದರೆಂದೇ ನಂಬಿ ಕೂತಿದ್ದರು.

ಔಷಧಿ ಕೆಲಸ ಮಾಡಿತು, ಈಗ ಆರಾಮಾಗಿದ್ದಾರೆ. ಕನ್ನಡದಲ್ಲಿ ಒಂದು ವಾಕ್ಯ ಹೇಳಿದ್ದರೆ ಆ ನಾಲ್ಕು ದಿನದ ಸಂಕಟ ತಪ್ಪುತ್ತಿತ್ತು.

ಇದು ಬರೀ ದಯೆಯ ಮಾತಲ್ಲ, ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಕಾಯಿಲೆ ಏನು, ಚಿಕಿತ್ಸೆ ಏನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಅದು ಹೇಳುತ್ತದೆ. ತಲೆ ಬೋಳಿಸುವಂತಿಲ್ಲ, ಸರಪಳಿ ಹಾಕುವಂತಿಲ್ಲ. ಶಿಕ್ಷೆಗಾಗಿಯೋ ಸಿಬ್ಬಂದಿ ಸಾಲದೆಂದೋ ಕಟ್ಟಿಹಾಕುವಂತಿಲ್ಲ. ಮುಟ್ಟಿನ ದಿನಗಳಿಗೆ ಬೇಕಾದ್ದನ್ನು ಕೊಡಬೇಕು. ಸ್ವತಃ ನಿರ್ಧರಿಸಲಾಗದ ಸ್ಥಿತಿಯಲ್ಲಿ ಹೆಂಗಸನ್ನು ಸೇರಿಸಿಕೊಂಡರೆ, 3 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು.

ಹೊರನಾಡಿನಲ್ಲಿರುವ ನಾವು ಮೂರು ಕೆಲಸ ಮಾಡಬಹುದು. ಒಂದು, ಕಾಯಿಲೆ ಬಿದ್ದರೆ ನಮ್ಮ ಪರವಾಗಿ ನಿಲ್ಲುವವರು ಯಾರೆಂದು ಈಗಲೇ ಬರೆದಿಡುವುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಆ ವ್ಯಕ್ತಿಯ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ. ಚಿಕಿತ್ಸೆಯ ವಿವರ ಕೇಳುವ ಹಕ್ಕು ಅವರಿಗಿರುತ್ತದೆ. ಎರಡು, ಟೆಲಿ ಮಾನಸ್ 14416 ಸಂಖ್ಯೆಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮೂರನೆಯದು ನಮ್ಮ ವೇದಿಕೆಯ ಕೆಲಸ. ಮನೆಯವರು ಕರೆದರೆ ಆಸ್ಪತ್ರೆಗೆ ಹೋಗಿ ಡಾಕ್ಟರಿಗೂ ರೋಗಿಗೂ ನಡುವೆ ಕನ್ನಡ ದಾಟಿಸುವ ಐದಾರು ಜನ ಬೇಕು. ಒಳಗೆ ಕೇಳಿದ್ದನ್ನು ಹೊರಗೆ ಆಡಬಾರದು, ಅದೊಂದೇ ಷರತ್ತು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಚಹಾದ ಹೊತ್ತಿಗೆ ಪಟ್ಟಿ ತರುತ್ತೇನೆ, ದಯವಿಟ್ಟು ಹೆಸರು ಬರೆಯಿರಿ.